ಸಿಂಹದ ಡಾಕ್ಟರು ಊರ ನಾಯಿಗೆ ಸೂಜಿ ಮಾಡುವುದೇಕೆ?

2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗಗಳು ಸತ್ತವು. ಕಾರಣ ಗಳಲೆ ರೋಗ. ಮಳೆಗಾಲದಲ್ಲಿ ಎಮ್ಮೆಗಳಿಗೆ ಗಂಟಲು ಬಾವು ಬರಿಸಿ ಒಂದೆರಡು ದಿನದಲ್ಲೇ ಕೆಡವುವ ಈ ಬ್ಯಾಕ್ಟೀರಿಯಾ ಹಾವೇರಿ, ಗದಗ ಕಡೆಯ ರೈತರಿಗೆ ಹೊಸದೇನಲ್ಲ. ಮೃಗಾಲಯದಲ್ಲಾದರೆ ಬೇಲಿ ಇದೆ, ಬೀಗ ಇದೆ, ಯಾವ ಪ್ರಾಣಿ ಮೇವು ಬಿಟ್ಟಿತು ಎಂದು ಬೆಳಿಗ್ಗೆಯೇ ನೋಡಿ ಹೇಳುವವರಿದ್ದಾರೆ. ಅಷ್ಟಿದ್ದೂ ಹೀಗಾಯಿತು ಎಂದಮೇಲೆ, ಬೇಲಿಯೇ ಇಲ್ಲದ ಕಾಡಿನ ಪ್ರಾಣಿಗೆ ರೋಗ ಬಂದರೆ ಯಾರು, ಏನು ಮಾಡುತ್ತಾರೆ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಸರಿಯಾದ ಉತ್ತರ ಸಿಗುವುದು ಗುಜರಾತಿನ ಗಿರ್ ಕಾಡಿನ ಸಿಂಹಗಳಿಂದ. ಅಲ್ಲಿನ ವನ್ಯಜೀವಿ ವೈದ್ಯರ ಕೆಲಸ ಎಂದರೆ ಬಂದೂಕಿನಿಂದ ಅರಿವಳಿಕೆ ಹೊಡೆದು ಸಿಂಹವನ್ನು ಮಲಗಿಸುವುದು ಎಂದೇ ಹೆಚ್ಚಿನವರ ಕಲ್ಪನೆ. ಅದೂ ಇದೆ. ಆದರೆ ಸಿಂಹವನ್ನು ರೋಗದಿಂದ ಕಾಯುವ ಕೆಲಸದ ದೊಡ್ಡ ಪಾಲು ನಡೆಯುವುದು ಕಾಡಿನ ಹೊರಗೆ, ಊರಿನ ನಾಯಿ, ದನ, ಕುರಿಗಳ ನಡುವೆ. ಅದು ಯಾಕೆ ಎಂಬುದನ್ನು ರೋಗದಿಂದಲೇ ಶುರು ಮಾಡಿ ನೋಡೋಣ.

ದಡಾರದ ಬಳಗದ ವೈರಸ್

ಕಾಡಿನ ಸಿಂಹಗಳ ವೈದ್ಯರು ಹೆಚ್ಚು ಅಂಜುವುದು ಕೆನೈನ್ ಡಿಸ್ಟೆಂಪರ್ ಎಂಬ ರೋಗಕ್ಕೆ. ಮೂಲತಃ ನಾಯಿಗಳ ರೋಗ. ಹುಬ್ಬಳ್ಳಿ, ಧಾರವಾಡದಲ್ಲಿ ನಾಯಿ ಸಾಕಿದವರಿಗೆ ಇದರ ಹೆಸರು ಗೊತ್ತಿರುತ್ತದೆ. ಮರಿಗೆ ಹಾಕಿಸುವ 'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಲಸಿಕೆಗಳಲ್ಲಿ ಮೊದಲನೆಯದೇ ಡಿಸ್ಟೆಂಪರ್ ವಿರುದ್ಧದ್ದು.

ಈ ವೈರಸ್ಸಿನ ಬಳಗಕ್ಕೆ ಮಾರ್ಬಿಲಿ ವೈರಸ್ ಎಂದು ಹೆಸರು. ಮಕ್ಕಳಿಗೆ ಬರುವ ದಡಾರ ಇದೇ ಬಳಗದ್ದು. ದನಗಳ ದೊಡ್ಡರೋಗವೂ ಇದೇ ಬಳಗದ್ದು. 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಕುರಿ-ಆಡುಗಳಿಗೆ ಬರುವ ಹಿರೇಬೇನೆ, ಅಂದರೆ ಪಿಪಿಆರ್, ಮತ್ತೊಂದು ಸಂಬಂಧಿ. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ ಹಿಂಡಿನಲ್ಲಿ ಒಂದರ ಹಿಂದೆ ಒಂದು ಕುರಿ ಬೀಳುವುದನ್ನು ಕಂಡ ಕುರಿಗಾರರಿಗೆ ಈ ಬಳಗದ ಗುಣವನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಒಂದು ಕುತೂಹಲದ ಸಂಗತಿಯೂ ಇದೆ: 2007ರಲ್ಲಿ ಸತ್ತ ಒಂದು ಏಷ್ಯಾ ಸಿಂಹದ ಅಂಗಾಂಶಗಳಲ್ಲಿ ಕುರಿಗಳ ಈ ಪಿಪಿಆರ್ ವೈರಸ್ಸೇ ಪತ್ತೆಯಾಗಿತ್ತು. ಅದರ ಸಾವಿಗೆ ಕಾರಣ ಬೇರೆಯಿತ್ತು. ಆದರೂ ಕುರಿಯ ವೈರಸ್ ಸಿಂಹದ ಮೈ ಹೊಕ್ಕಿತ್ತು ಎಂಬುದು ದಾಖಲಾಯಿತು.

ಡಿಸ್ಟೆಂಪರ್ ಹರಡುವುದು ಮುಖ್ಯವಾಗಿ ಉಸಿರು, ಮೂಗಿನ ಸಿಂಬಳ, ಕಣ್ಣಿನ ಪಿಸುರು, ಜೊಲ್ಲಿನ ಮೂಲಕ. ಒಳಹೊಕ್ಕ ವೈರಸ್ ಮೊದಲು ಹಿಡಿಯುವುದು ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೇ. ಕಾವಲುಗಾರರೇ ಬಿದ್ದಮೇಲೆ ಉಳಿದ ರೋಗಾಣುಗಳಿಗೆ ದಾರಿ ಸಲೀಸು. ಮೊದಲು ಜ್ವರ, ಕಣ್ಣು-ಮೂಗು ಸೋರುವುದು, ಆಮೇಲೆ ಕೆಮ್ಮು, ಉಬ್ಬಸ, ಭೇದಿ. ಎರಡನೆಯ ಹಂತದಲ್ಲಿ ವೈರಸ್ ಮಿದುಳಿಗೆ ಏರುತ್ತದೆ: ದವಡೆ ಅದುರುತ್ತದೆ, ಒಂದು ಕಾಲು ತಾನೇ ತಾನಾಗಿ ಜಗ್ಗುತ್ತದೆ, ನಡಿಗೆ ತೂರಾಡುತ್ತದೆ, ಫಿಟ್ಸ್ ಬರುತ್ತದೆ. ಈ ಹಂತ ತಲುಪಿದ ಪ್ರಾಣಿ ಬದುಕುವುದು ಅಪರೂಪ. ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಸಲೈನ್, ಬೇರೆ ಸೋಂಕು ತಡೆಯಲು ಆ್ಯಂಟಿಬಯಾಟಿಕ್, ಫಿಟ್ಸ್ ತಡೆಯುವ ಮದ್ದು, ಇಷ್ಟೇ ವೈದ್ಯರ ಕೈಲಿರುವುದು.

ಸಮಾಧಾನದ ಮಾತೆಂದರೆ, ಮೈಯಿಂದ ಹೊರಬಿದ್ದ ಈ ವೈರಸ್ ಬಲು ಮೆದು. ಅದರ ಹೊರಕವಚ ಕೊಬ್ಬಿನದು. ಬಿಸಿಲು, ಸೋಪು, ಬ್ಲೀಚಿಂಗ್ ನೀರಿಗೆ ಬೇಗ ಸಾಯುತ್ತದೆ. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಹಾಗಲ್ಲ. 2023ರಲ್ಲಿ ಬನ್ನೇರುಘಟ್ಟದಲ್ಲಿ 7 ಚಿರತೆ ಮರಿಗಳನ್ನು ಬಲಿ ತೆಗೆದುಕೊಂಡದ್ದು ಅದೇ. ಅದು ನೆಲದಲ್ಲಿ, ಗೋಡೆಯ ಸಂದಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೀಗಾಗಿ ಡಿಸ್ಟೆಂಪರ್ ಬಂದಾಗ ವೈದ್ಯರು ನೆಲಕ್ಕಿಂತ ಹೆಚ್ಚಾಗಿ ಓಡಾಡುವ ಪ್ರಾಣಿಗಳ ಮೇಲೆ ಕಣ್ಣಿಡುತ್ತಾರೆ.

ಗಿರ್‌ನಲ್ಲಿ ಆದದ್ದು

2018ರ ಸೆಪ್ಟೆಂಬರ್ 12ರಿಂದ ಅಕ್ಟೋಬರ್ ಮೊದಲ ವಾರದೊಳಗೆ ಗಿರ್ ಪೂರ್ವ ವಿಭಾಗದ ದಲಖಾನಿಯಾ ವಲಯವೊಂದರಲ್ಲೇ 23 ಸಿಂಹಗಳು ಸತ್ತವು. ಆರಂಭದಲ್ಲಿ ಸಿಂಹಗಳ ಒಳಜಗಳ ಕಾರಣ ಎಂಬ ಮಾತು ಬಂತು. ಗಡಿಗಾಗಿ ಗಂಡು ಸಿಂಹಗಳು ಕಾದಾಡಿ ಸಾಯುವುದು, ಮರಿಗಳನ್ನು ಕೊಲ್ಲುವುದು ಸಹಜವಾದ್ದರಿಂದ ಆ ಮಾತು ಅಸಂಬದ್ಧವೇನಲ್ಲ. ಆದರೆ ಒಂದೇ ಜಾಗದಲ್ಲಿ ಗಂಡು, ಹೆಣ್ಣು, ಮರಿ ಎನ್ನದೆ ಸಾಲಾಗಿ ಸತ್ತಾಗ ಜಗಳದ ಲೆಕ್ಕ ಹೊಂದುವುದಿಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಸ್ಯಾಂಪಲ್ ಹೋದವು. ಡಿಸ್ಟೆಂಪರ್ ಎಂದು ಖಚಿತವಾಯಿತು. ಜೊತೆಗೆ ಪ್ರಾಣಿಗಳ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಬಬೇಸಿಯಾ ಎಂಬ ಪರಾವಲಂಬಿಯೂ ಸಿಕ್ಕಿತು.

ಆಮೇಲೆ ನಡೆದದ್ದು ತುರ್ತು ಕೆಲಸ. ಸುತ್ತಲ ಕಾಡಿನ ಮೂವತ್ತಕ್ಕೂ ಹೆಚ್ಚು ಸಿಂಹಗಳನ್ನು ಹಿಡಿದು ಬೇರೆ ಬೇರೆ ಕೇಂದ್ರಗಳಲ್ಲಿ ಪ್ರತ್ಯೇಕವಾಗಿ ಇಟ್ಟರು. ಅಮೆರಿಕದಿಂದ 300 ಡೋಸ್ ಲಸಿಕೆ ತರಿಸಿದರು. ಪಕ್ಕದ ವಲಯಗಳಲ್ಲಿ ನೂರಾರು ಸಿಬ್ಬಂದಿ ಒಂದೊಂದು ಸಿಂಹವನ್ನೂ ಹುಡುಕಿ, ಮೂಗು ಸೋರುತ್ತಿದೆಯೇ, ಹೊಟ್ಟೆ ಒಳಸೇರಿದೆಯೇ ಎಂದು ನೋಡಿದರು. ರೋಗ ಗಿರ್ ತುಂಬ ಹಬ್ಬಲಿಲ್ಲ. 2015ರಲ್ಲಿ 523 ಇದ್ದ ಸಿಂಹಗಳು 2020ಕ್ಕೆ 674 ಆದವು, 2025ರ ಗಣತಿಯಲ್ಲಿ 891.

ಸಂಖ್ಯೆ ಏರಿದ್ದು ಸಂತೋಷವೇ. ಆದರೆ ರೋಗದ ದೃಷ್ಟಿಯಿಂದ ನೋಡಿದರೆ ಈ ಏರಿಕೆಗೆ ಇನ್ನೊಂದು ಮುಖವಿದೆ. ಈಗ ಅರ್ಧಕ್ಕಿಂತ ಹೆಚ್ಚು ಸಿಂಹಗಳು ರಕ್ಷಿತಾರಣ್ಯದ ಹೊರಗೆ, ಸೌರಾಷ್ಟ್ರದ ಹೊಲ, ತೋಟ, ಕುರುಚಲು, ಹಳ್ಳಿಗಳ ಅಂಚಿನಲ್ಲಿವೆ. ಅಲ್ಲಿ ಅವುಗಳ ಅಕ್ಕಪಕ್ಕ ಇರುವುದು ನಾಯಿಗಳು, ದನಗಳು. ಕಾಡಿನ ಏಷ್ಯಾ ಸಿಂಹ ಜಗತ್ತಿನಲ್ಲಿ ಇರುವುದು ಇದೊಂದೇ ನೆಲದಲ್ಲಿ. ಕೆಲವನ್ನು ಮಧ್ಯಪ್ರದೇಶದ ಕುನೊಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಆದೇಶಿಸಿದ್ದಕ್ಕೆ ಈ ರೋಗದ ಭಯವೂ ಒಂದು ಕಾರಣ.

ಒಂದೇ ವೈರಸ್ ಒಮ್ಮೆ ಕೊಲ್ಲುತ್ತದೆ, ಒಮ್ಮೆ ಸುಮ್ಮನೆ ಹೋಗುತ್ತದೆ

ಸಿಂಹಗಳ ರೋಗಚರಿತ್ರೆಯಲ್ಲಿ ದೊಡ್ಡ ಪಾಠ 1994ರ ಸೆರೆಂಗೆಟಿಯದು. ತಾಂಜಾನಿಯಾದ ಆ ಹುಲ್ಲುಗಾವಲಿನಲ್ಲಿ ಸುಮಾರು 3,000 ಸಿಂಹಗಳಿದ್ದವು. ಕೆಲವೇ ತಿಂಗಳಲ್ಲಿ ಮೂರರಲ್ಲೊಂದು ಪಾಲು ಸತ್ತಿತು. ಅದುವರೆಗೆ ಡಿಸ್ಟೆಂಪರ್ ಬೆಕ್ಕಿನ ಜಾತಿಯನ್ನು ಹೀಗೆ ಕೊಲ್ಲುತ್ತದೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಸುಮಾರು 30 ಸಾವಿರ ನಾಯಿಗಳಿದ್ದವು, ಅವುಗಳಲ್ಲಿ ಇದೇ ವೈರಸ್ ಓಡಾಡುತ್ತಿತ್ತು. ನಾಯಿಯಿಂದ ಕತ್ತೆಕಿರುಬಕ್ಕೆ, ಅದರಿಂದ ಸಿಂಹಕ್ಕೆ ದಾಟಿರಬಹುದು ಎಂದು ಆಗ ಅಂದಾಜಿಸಲಾಯಿತು.

ಆದರೆ ಶೇಖರಿಸಿಟ್ಟಿದ್ದ ಹಳೆಯ ರಕ್ತದ ಸ್ಯಾಂಪಲ್‌ಗಳನ್ನು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಸೆರೆಂಗೆಟಿಯ ಸಿಂಹಗಳಿಗೆ ಡಿಸ್ಟೆಂಪರ್ ಅದಕ್ಕೂ ಮುಂಚೆ, ಆಮೇಲೂ ಹಲವು ಸಲ ತಗಲಿತ್ತು. ಹೆಚ್ಚಿನ ಸಲ ಒಂದು ಸಿಂಹವೂ ಸತ್ತದ್ದು ಕಂಡಿರಲಿಲ್ಲ. ಹಾಗಾದರೆ 1994ರಲ್ಲಿ, ಮತ್ತೆ 2001ರಲ್ಲಿ ಪಕ್ಕದ ನ್ಗೊರೊಂಗೊರೊ ಕುಳಿಯಲ್ಲಿ ಸಿಂಹಗಳು ಸತ್ತದ್ದೇಕೆ?

ಎರಡೂ ಸಲ ಮುಂಚೆ ಬರಗಾಲ ಬಿದ್ದಿತ್ತು. ಬರದಲ್ಲಿ ಕಾಡೆಮ್ಮೆಗಳು ಬಡಕಲಾದವು. ಮಳೆ ಬಂದಮೇಲೆ ಉಣ್ಣೆಗಳು ಉಕ್ಕಿದವು. ನಿಶ್ಶಕ್ತ ಎಮ್ಮೆಗಳನ್ನು ಸಿಂಹಗಳು ಸಲೀಸಾಗಿ ಬೇಟೆಯಾಡಿದವು, ಅವುಗಳ ಮೈಮೇಲಿನ ಉಣ್ಣೆ ಸಿಂಹಕ್ಕೆ ಹತ್ತಿತು, ಉಣ್ಣೆಯೊಂದಿಗೆ ಬಬೇಸಿಯಾ. ಕೆಂಪು ರಕ್ತಕಣದೊಳಗೆ ಕೂತು ಅದನ್ನು ಒಡೆಯುವ ಜೀವಿ ಇದು. ದನಗಳಲ್ಲಿ ಇದರ ಸಂಬಂಧಿಯೇ ಉಚ್ಚೆ ಕೆಂಪಾಗುವ ರೋಗ ತರುತ್ತದೆ. ಆರೋಗ್ಯವಾಗಿರುವ ಸಿಂಹದ ಮೈಯಲ್ಲಿ ಬಬೇಸಿಯಾ ಸ್ವಲ್ಪ ಇದ್ದರೂ ತೊಂದರೆಯಿಲ್ಲ. ಅದೇ ಹೊತ್ತಿಗೆ ಡಿಸ್ಟೆಂಪರ್ ಬಂದು ರೋಗನಿರೋಧಕ ಶಕ್ತಿಯನ್ನು ಮುರಿದಾಗ ಬಬೇಸಿಯಾ ಮಿತಿಮೀರಿ ಬೆಳೆಯಿತು. ಬಬೇಸಿಯಾ ಹೊರೆ ಹೆಚ್ಚಿಲ್ಲದ ಗುಂಪುಗಳಲ್ಲಿ ಅದೇ ವೈರಸ್ ಬಂದೂ ಸಾವು ಹೆಚ್ಚಲಿಲ್ಲ.

ವೈದ್ಯರ ಕೆಲಸದ ದಿಕ್ಕನ್ನೇ ಬದಲಿಸಿದ ಶೋಧನೆ ಇದು ಎನ್ನಬಹುದು. ವೈರಸ್ ಇದೆಯೇ ಎಂದು ಕೇಳಿದರೆ ಸಾಲದು. ಜೊತೆಗೆ ಮತ್ತೇನಿದೆ, ಹಿಂದಿನ ವರ್ಷ ಮಳೆ ಹೇಗಿತ್ತು, ಬೇಟೆಪ್ರಾಣಿಯ ಮೈಮೇಲೆ ಉಣ್ಣೆ ಎಷ್ಟಿದೆ ಎಂದೂ ಕೇಳಬೇಕು.

ಸಿಂಹದ ಸಂಸಾರ ಪದ್ಧತಿಯೂ ವೈರಸ್ಸಿಗೆ ಅನುಕೂಲ. ಹುಲಿ, ಚಿರತೆ ಒಂಟಿ. ಸಿಂಹ ಗುಂಪಿನಲ್ಲಿರುತ್ತದೆ, ಒಂದೇ ಬೇಟೆಗೆ ಏಳೆಂಟು ಬಾಯಿ ಹಾಕುತ್ತವೆ, ತಲೆಗೆ ತಲೆ ಉಜ್ಜುತ್ತವೆ, ಒಂದನ್ನೊಂದು ನೆಕ್ಕುತ್ತವೆ. ಒಂದಕ್ಕೆ ಬಂದರೆ ಗುಂಪಿಗೆ ಬಂದಂತೆಯೇ. ಗುಂಪಿನಿಂದ ಗುಂಪಿಗೆ ದಾಟಿಸುವುದು ಅಲೆಮಾರಿ ಗಂಡುಗಳು. ಪ್ರವಾಸಿಗರಿಗೆ ತೋರಿಸಲೆಂದು ಕರುವನ್ನೋ ಕೋಳಿಯನ್ನೋ ಕಟ್ಟಿ ನಡೆಸುವ ಅಕ್ರಮ 'ಲಯನ್ ಶೋ'ಗಳನ್ನು ವೈದ್ಯರು ವಿರೋಧಿಸಲು ಇದೂ ಒಂದು ಕಾರಣ. ಎಂದೂ ಭೇಟಿಯಾಗದ ಗುಂಪುಗಳು ಅಲ್ಲಿ ಒಂದೇ ಜಾಗದಲ್ಲಿ ಮೂಸಿ ತಿನ್ನುತ್ತವೆ.

ಸಿಂಹವನ್ನು ಮಲಗಿಸುವುದು

ಕಾಯಿಲೆಯ ಲಕ್ಷಣ ಕಂಡ ಸಿಂಹವನ್ನು ಮುಟ್ಟಿ ನೋಡಬೇಕಾದರೆ ಅರಿವಳಿಕೆ ಕೊಡಲೇಬೇಕು. ಅದಕ್ಕೆ ಮೊದಲು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಸೈಲಜಿನ್ ಮತ್ತು ಕೆಟಮಿನ್ ಜೋಡಿ. ಮೊದಲನೆಯದು ಮಂಪರು ತಂದು ಸ್ನಾಯು ಸಡಿಲಿಸುತ್ತದೆ, ಎರಡನೆಯದು ಅರಿವು ತಪ್ಪಿಸುತ್ತದೆ. ಪ್ರಮಾಣ ತೂಕದ ಮೇಲೆ: ಕಿಲೋಗೆ 1ರಿಂದ 2 ಮಿಲಿಗ್ರಾಂ ಕ್ಸೈಲಜಿನ್, 2ರಿಂದ 5 ಮಿಲಿಗ್ರಾಂ ಕೆಟಮಿನ್ ಆಸುಪಾಸು. ಕಾಡಿನಲ್ಲಿ ತಕ್ಕಡಿ ಇಲ್ಲ. ಹೆಣ್ಣು ಸಿಂಹ ಸುಮಾರು 110–120 ಕಿಲೋ, ಗಂಡು 160–190 ಕಿಲೋ ಎಂಬ ಅಂದಾಜಿನಲ್ಲಿ ಕಣ್ಣಳತೆಯೇ ಆಧಾರ. ರೋಗದಿಂದ ಬಡಕಲಾದದ್ದಕ್ಕೆ ಪೂರಾ ಪ್ರಮಾಣ ಕೊಟ್ಟರೆ ಉಸಿರು ನಿಲ್ಲಬಹುದು. ಕಡಿಮೆ ಕೊಟ್ಟರೆ ಅರೆಮಂಪರಿನಲ್ಲಿ ಕಿಲೋಮೀಟರ್‌ಗಟ್ಟಲೆ ಓಡಿ, ಮೈ ಕಾದು, ಹಳ್ಳಕ್ಕೋ ಬಾವಿಗೋ ಬೀಳಬಹುದು. ಬಂದೂಕಿನಿಂದ ಹಾರಿಸುವ ಮದ್ದಿನ ಸೂಜಿ, ಅಂದರೆ ಡಾರ್ಟಿನ ಹೊಟ್ಟೆಯಲ್ಲಿ ಹಿಡಿಯುವುದು 3–5 ಮಿಲಿಲೀಟರ್ ಮಾತ್ರ. ಆದ್ದರಿಂದ 500 ಮಿಲಿಗ್ರಾಂ ಕ್ಸೈಲಜಿನ್ ಪುಡಿಯನ್ನು 4 ಮಿಲಿಲೀಟರ್ ಕೆಟಮಿನ್‌ನಲ್ಲೇ ಕರಗಿಸಿ ಗಟ್ಟಿ ಮಿಶ್ರಣ ಮಾಡಿಕೊಳ್ಳುವ ರೂಢಿ ಇದೆ. ಆಗ ಪ್ರತಿ ಮಿಲಿಲೀಟರ್‌ನಲ್ಲಿ 125 ಮಿಲಿಗ್ರಾಂ ಕ್ಸೈಲಜಿನ್, 100 ಮಿಲಿಗ್ರಾಂ ಕೆಟಮಿನ್ ಸಿಗುತ್ತದೆ.

ಗುರಿ ತೊಡೆಯ ಅಥವಾ ಭುಜದ ದಪ್ಪ ಸ್ನಾಯು. ಹೊಟ್ಟೆ, ಪಕ್ಕೆಲುಬು, ಕುತ್ತಿಗೆಗೆ ಬಿದ್ದರೆ ಅಪಾಯ. ದೂರಕ್ಕೆ ತಕ್ಕಂತೆ ಬಂದೂಕಿನ ಗಾಳಿಯ ಒತ್ತಡ ಹೊಂದಿಸಬೇಕು. ಹತ್ತು ಮೀಟರ್‌ಗೆ ಮೂವತ್ತು ಮೀಟರಿನ ಒತ್ತಡ ಇಟ್ಟರೆ ಡಾರ್ಟ್ ಮೂಳೆಯನ್ನೇ ಮುರಿಯಬಲ್ಲದು. ಬಡಿದ ಮೇಲೆ ಯಾರೂ ಹಿಂದೆ ಓಡಬಾರದು. ಹತ್ತು-ಹದಿನೈದು ನಿಮಿಷ ಸದ್ದಿಲ್ಲದೆ ದೂರದಿಂದ ನೋಡುತ್ತ ಕಾಯಬೇಕು. ಬಿದ್ದ ಮೇಲೂ ಮೊದಲು ಉದ್ದನೆಯ ಕೋಲಿನಿಂದ ಕಿವಿ ಮುಟ್ಟಿ ನೋಡುತ್ತಾರೆ. ಕಿವಿ ಅಲುಗಿದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ಅಷ್ಟರಲ್ಲಿ ಗುಂಪಿನ ಉಳಿದ ಸಿಂಹಗಳನ್ನು ಜೀಪಿನಿಂದ ದೂರ ಸರಿಸುವುದು ಬೇರೆ ತಂಡದ ಕೆಲಸ.

ಕೆಟಮಿನ್ ಹತ್ತಿದ ಪ್ರಾಣಿ ಕಣ್ಣು ಮುಚ್ಚುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. ಮುಲಾಮು ಹಚ್ಚಿ ಬಟ್ಟೆ ಕಟ್ಟದಿದ್ದರೆ ಧೂಳು, ಬಿಸಿಲಿಗೆ ಕಣ್ಣು ಹಾಳಾಗುತ್ತದೆ. ಕ್ಸೈಲಜಿನ್‌ಗೆ ವಾಂತಿ ತರಿಸುವ ಗುಣವಿದೆ. ಹೊಟ್ಟೆ ತುಂಬ ತಿಂದು ಮಲಗಿದ ಸಿಂಹಕ್ಕೆ ಹೊಡೆದರೆ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಅದಕ್ಕೇ ಮೂತಿ ಕೆಳಗಾಗಿ, ಮೈ ಪಕ್ಕಕ್ಕೆ ಮಲಗಿಸುತ್ತಾರೆ. ಐದೈದು ನಿಮಿಷಕ್ಕೆ ಉಸಿರು, ನಾಡಿ, ಗುದದ್ವಾರದ ಉಷ್ಣತೆ ಬರೆಯುತ್ತಾರೆ. ಸಾಮಾನ್ಯ ಉಷ್ಣತೆ 38–39 ಡಿಗ್ರಿ ಸೆಲ್ಸಿಯಸ್. 40 ದಾಟಿದರೆ ತೊಡೆಸಂದಿ, ಹೊಟ್ಟೆಗೆ ನೀರು ಸುರಿಯಬೇಕು. 41 ಮುಟ್ಟಿದರೆ ಸ್ಯಾಂಪಲ್ ಬಿಟ್ಟು ಪ್ರಾಣಿಯನ್ನು ಉಳಿಸಿಕೊಳ್ಳುವುದಷ್ಟೇ ಕೆಲಸ. ಬೆಳಗಿನ ಜಾವ ಅಥವಾ ಸಂಜೆಯನ್ನೇ ಆರಿಸಿಕೊಳ್ಳುವುದು ಈ ಕಾರಣಕ್ಕೆ.

ಎಬ್ಬಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಕ್ಸೈಲಜಿನ್‌ಗೆ ಪ್ರತಿಮದ್ದು ಇದೆ, ಯೋಹಿಂಬಿನ್ ಅಥವಾ ಅಟಿಪಮೆಜೋಲ್. ಕೆಟಮಿನ್‌ಗೆ ಇಲ್ಲ; ಅದು ತಾನಾಗಿ ಇಳಿಯಬೇಕು. ಅವಸರದಲ್ಲಿ ಅರ್ಧ ಗಂಟೆಯೊಳಗೇ ಪ್ರತಿಮದ್ದು ಚುಚ್ಚಿದರೆ ಮೈಯಲ್ಲಿ ಕೆಟಮಿನ್ ಒಂದೇ ಉಳಿದು ಸಿಂಹ ಸೆಟೆದುಕೊಳ್ಳುತ್ತದೆ, ಫಿಟ್ಸ್ ಬರುತ್ತದೆ.

ಸತ್ತದ್ದರಿಂದಲೇ ಹೆಚ್ಚು ತಿಳಿಯುವುದು

ಮಲಗಿದ ಸಿಂಹದ ಬಾಲದ ಅಥವಾ ಕಾಲಿನ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ಹೆಪ್ಪುಗಟ್ಟದಂತೆ ಇಡಿಟಿಎ ಇರುವ ಟ್ಯೂಬಿಗೆ ಒಂದಿಷ್ಟು, ರಕ್ತದ ತಿಳಿನೀರನ್ನು, ಅಂದರೆ ಸೀರಂ, ಬೇರ್ಪಡಿಸಲು ಖಾಲಿ ಟ್ಯೂಬಿಗೆ ಒಂದಿಷ್ಟು. ಒಂದು ಹನಿಯನ್ನು ಅಲ್ಲೇ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು ಒಣಗಿಸುತ್ತಾರೆ. ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣದೊಳಗೆ ಪಿಯರ್ ಹಣ್ಣಿನ ಆಕಾರದ ಜೋಡಿ ಚುಕ್ಕೆಗಳಾಗಿ ಬಬೇಸಿಯಾ ಕಾಣುತ್ತದೆ. ಮೂಗು, ಕಣ್ಣು, ಗುದದ್ವಾರದಿಂದ ಸ್ವಾಬ್. ಕಿವಿಯೊಳಗೆ, ತೊಡೆಸಂದಿಯಲ್ಲಿ ಹತ್ತಿದ ಉಣ್ಣೆಗಳನ್ನು ಸ್ಪಿರಿಟ್ ಸೀಸೆಗೆ.

ಪರೀಕ್ಷೆಗಳು ಎರಡು ಬಗೆ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಆರ್‌ಟಿ-ಪಿಸಿಆರ್ ಈಗ ಮೈಯಲ್ಲಿ ವೈರಸ್ ಇದೆಯೇ ಎಂದು ಹೇಳುತ್ತದೆ. ರೋಗದ ವಿರುದ್ಧ ಮೈ ಹುಟ್ಟಿಸಿದ ಪ್ರತಿಕಾಯಗಳನ್ನು ಸೀರಂನಲ್ಲಿ ಹುಡುಕುವ ಪರೀಕ್ಷೆ ಹಿಂದೆಂದಾದರೂ ಬಂದು ಹೋಗಿದೆಯೇ ಎಂದು ಹೇಳುತ್ತದೆ. ಸೆರೆಂಗೆಟಿಯ ಗುಟ್ಟು ಬಿಚ್ಚಿದ್ದು ಎರಡನೆಯದು. ವರ್ಷಗಟ್ಟಲೆ ಫ್ರೀಜರಿನಲ್ಲಿಟ್ಟ ಸೀರಂ ಇಲ್ಲದಿದ್ದರೆ ಅದು ಸಾಧ್ಯವೇ ಇರಲಿಲ್ಲ.

ಸತ್ತ ಸಿಂಹ ಸಿಕ್ಕರೆ ಗಡಿಯಾರದೊಂದಿಗೆ ಓಟ. ಆದರೆ ಕತ್ತಿ ಹಿಡಿಯುವ ಮೊದಲು ಒಂದು ತಡೆ ಇದೆ. ಮೂಗು, ಬಾಯಿ, ಗುದದ್ವಾರದಿಂದ ಕಪ್ಪನೆಯ, ಹೆಪ್ಪುಗಟ್ಟದ ರಕ್ತ ಸೋರಿದ್ದರೆ ಹೆಣವನ್ನು ಬಿಚ್ಚಬಾರದು. ಕಿವಿತುದಿಯ ರಕ್ತವನ್ನು ಮೊದಲು ಪರೀಕ್ಷಿಸಬೇಕು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಆಗಿದ್ದರೆ ಗಾಳಿ ತಗಲಿದ ಕೂಡಲೇ ಅದರ ಬ್ಯಾಕ್ಟೀರಿಯಾ ಗಟ್ಟಿ ಬೀಜಾಣುವಾಗಿ ಆ ನೆಲದಲ್ಲಿ ದಶಕಗಳ ಕಾಲ ಉಳಿಯುತ್ತದೆ, ಮನುಷ್ಯರಿಗೂ ಹತ್ತುತ್ತದೆ.

ನೆರಡಿ ಅಲ್ಲ ಎಂದು ಖಾತ್ರಿಯಾದರೆ ಶ್ವಾಸಕೋಶ, ಗುಲ್ಮ, ದುಗ್ಧಗ್ರಂಥಿ, ಮೂತ್ರಕೋಶ, ಮಿದುಳು, ಪ್ರತಿಯೊಂದರಿಂದ ಎರಡೆರಡು ಚೂರು. ಒಂದು ಸೆಟ್ ಫಾರ್ಮಲಿನ್‌ಗೆ, ಇನ್ನೊಂದು ಐಸ್‌ಗೆ. ಎಡವುವುದು ಇಲ್ಲೇ. ಫಾರ್ಮಲಿನ್ ಶೇ 10ರದ್ದಿರಬೇಕು, ಚೂರಿನ ಹತ್ತು ಪಟ್ಟು ಇರಬೇಕು, ಚೂರು ಒಂದು ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಚಿಕ್ಕ ಬಾಟಲಿಗೆ ಇಡೀ ಗುಲ್ಮ ತುರುಕಿದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆತಿರುತ್ತದೆ. ಎಲ್ಲವನ್ನೂ ಫಾರ್ಮಲಿನ್‌ಗೇ ಹಾಕಿದರೆ ವೈರಸ್ ಬೆಳೆಸಿ ನೋಡಲು ಏನೂ ಉಳಿಯುವುದಿಲ್ಲ. ಎಲ್ಲವನ್ನೂ ಫ್ರೀಜರಿಗೆ ಹಾಕಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕಕ್ಕೆ ಪ್ರಯೋಜನವಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಿನಂಥ ಹವೆಯಲ್ಲಿ ಮಿದುಳು ಅರ್ಧ ದಿನದಲ್ಲೇ ಕರಗತೊಡಗುತ್ತದೆ. ಹೀಗಾಗಿ ಈ ಇಡೀ ವ್ಯವಸ್ಥೆಯಲ್ಲಿ ನಿಜವಾದ ಕೊಂಡಿ ಎಂದರೆ ಹೆಣವನ್ನು ಮೊದಲು ನೋಡಿ, ಮುಟ್ಟದೆ, ಕೂಡಲೇ ಫೋನ್ ಮಾಡುವ ಗಸ್ತಿನ ಗಾರ್ಡ್. ಅವರು ಒಂದು ದಿನ ತಡ ಮಾಡಿದರೆ ಯಾವ ಪ್ರಯೋಗಾಲಯವೂ ಅದನ್ನು ತುಂಬಿಕೊಡಲಾರದು.

ಸಿಂಹಗಳಿಗೇ ಲಸಿಕೆ ಹಾಕಿಬಿಟ್ಟರೆ?

ಸರಳ ಪ್ರಶ್ನೆ, ಉತ್ತರ ಸರಳವಲ್ಲ. ನಾಯಿಗೆ ಹಾಕುವ ಸಾಮಾನ್ಯ ಡಿಸ್ಟೆಂಪರ್ ಲಸಿಕೆಯಲ್ಲಿ ಜೀವಂತ, ಆದರೆ ಬಲ ಕುಗ್ಗಿಸಿದ ವೈರಸ್ ಇರುತ್ತದೆ. ನಾಯಿಗೆ ಸುರಕ್ಷಿತ. ಕೆಂಪು ಪಾಂಡಾ, ಕಪ್ಪುಕಾಲಿನ ಫೆರೆಟ್ ಮುಂತಾದ ಕಾಡುಪ್ರಾಣಿಗಳಲ್ಲಿ ಅಂಥ ಲಸಿಕೆಯೇ ರೋಗ ತಂದು ಕೊಂದ ಉದಾಹರಣೆಗಳಿವೆ. ಹಾಗಾಗಿ ಕಾಡುಪ್ರಾಣಿಗಳಿಗೆ ಬೇರೆ ಬಗೆಯದನ್ನು ಆರಿಸುತ್ತಾರೆ: ಡಿಸ್ಟೆಂಪರ್‌ನ ಕೆಲವು ಪ್ರೋಟೀನ್‌ಗಳ ಮಾಹಿತಿಯನ್ನಷ್ಟೇ ಕ್ಯಾನರಿ ಹಕ್ಕಿಯ ಸಿಡುಬು ವೈರಸ್ಸಿಗೆ ಸೇರಿಸಿ ಮಾಡಿದ ಲಸಿಕೆ. ಇದು ರೋಗ ತರಲಾರದು. ಆದರೆ ಒಂದು ಡೋಸ್ ಸಾಲದು, ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕು, ಆಮೇಲೂ ಮರುಡೋಸ್ ಬೇಕು. 2ರಿಂದ 8 ಡಿಗ್ರಿಯಲ್ಲಿ ಕಾಪಾಡಬೇಕು. ಬೇಯಿಸಿದ ಮಾಂಸದಲ್ಲಿಟ್ಟು ತಿನ್ನಿಸುವಂಥ ಡಿಸ್ಟೆಂಪರ್ ಲಸಿಕೆ ಬಳಕೆಗೆ ಬಂದಿಲ್ಲ.

ಸುಮಾರು 900 ಸಿಂಹಗಳನ್ನು ಮತ್ತೆ ಮತ್ತೆ ಹುಡುಕಿ, ಯಾವುದಕ್ಕೆ ಎಷ್ಟನೆಯ ಡೋಸ್ ಎಂದು ಗುರುತಿಟ್ಟು ಚುಚ್ಚುವುದು ಆಗದ ಮಾತು. ಇದರ ಅರ್ಥ ಲಸಿಕೆ ವ್ಯರ್ಥ ಎಂದಲ್ಲ. ರಷ್ಯಾದ ಅಮುರ್ ಹುಲಿಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕಾಚಾರದಂತೆ, ಒಂದು ಸಣ್ಣ ಹುಲಿ ಸಮೂಹದಲ್ಲಿ ವರ್ಷಕ್ಕೆ ಎರಡೇ ಹುಲಿಗಳಿಗೆ ಲಸಿಕೆ ಸಿಕ್ಕರೂ 50 ವರ್ಷಗಳಲ್ಲಿ ಡಿಸ್ಟೆಂಪರ್‌ನಿಂದ ಆ ಸಮೂಹ ಅಳಿಯುವ ಅಪಾಯ ಮುಕ್ಕಾಲು ಪಾಲು ತಗ್ಗುತ್ತದೆ. ಅಲ್ಲಿ ವೈರಸ್ ಬರುತ್ತಿದ್ದದ್ದು ಮುಖ್ಯವಾಗಿ ನಾಯಿಗಳಿಂದಲ್ಲ, ಕಾಡಿನ ಇತರ ಮಾಂಸಾಹಾರಿಗಳಿಂದ ಎಂದೂ ಅದೇ ಅಧ್ಯಯನ ಕಂಡುಕೊಂಡಿತು. ಒಂದು ಕಾಡಿನ ಔಷಧ ಇನ್ನೊಂದು ಕಾಡಿಗೆ ಹಾಗೇ ಹೊಂದುತ್ತದೆ ಎನ್ನಲಾಗದು. ಹೇಗೂ ಹಿಡಿದ, ರಕ್ಷಣಾ ಕೇಂದ್ರಕ್ಕೆ ತಂದ ಸಿಂಹಗಳಿಗೆ ಲಸಿಕೆ ಹಾಕುವುದು ಗಿರ್‌ನಲ್ಲಿ ಕೈಗೆಟುಕುವ ದಾರಿ.

ಬಣವೆಗಳ ನಡುವಿನ ಜಾಗ

ಉಳಿದ ದಾರಿ ನಾಯಿಗಳದ್ದು. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಬಣವೆಗಳನ್ನು ಒಟ್ಟುವಾಗ ನಡುವೆ ಜಾಗ ಬಿಡುತ್ತೇವೆ, ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಾರದಿರಲಿ ಎಂದು. ಲಸಿಕೆ ಪಡೆದ ನಾಯಿ ಅಂಥ ಖಾಲಿ ಜಾಗ. ಕಾಡಂಚಿನ ಹಳ್ಳಿಗಳಲ್ಲಿ ಸಾಕಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ವೈರಸ್ಸಿಗೆ ಹೊಸ ನಾಯಿ ಸಿಗದೆ ಅದು ಕಾಡಿನವರೆಗೆ ತಲುಪುವ ಮುಂಚೆಯೇ ಆರುತ್ತದೆ.

ಸಾಕಷ್ಟು ಎಂದರೆ ಎಷ್ಟು? ಕಚ್ಚುವುದರಿಂದ ಹರಡುವ ಹುಚ್ಚುನಾಯಿ ರೋಗಕ್ಕೆ ಶೇ 70ರಷ್ಟು ನಾಯಿಗಳು ಎಂಬ ಗುರಿ ಇದೆ. ಉಸಿರಿನಿಂದ ಹರಡುವ ಡಿಸ್ಟೆಂಪರ್‌ಗೆ ಇನ್ನೂ ಹೆಚ್ಚು ಬೇಕು. ಈ ಕೆಲಸ ಕೆಡುವುದು ಸಣ್ಣ ಸಣ್ಣ ಕಾರಣಗಳಿಂದ. ಪುಟ್ಟ ಮರಿಗೆ ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ತಟಸ್ಥ ಮಾಡುತ್ತವೆ. ಅದಕ್ಕೇ 6–8 ವಾರಕ್ಕೆ ಶುರು ಮಾಡಿ 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಹಾಕುತ್ತಾರೆ. ಬೀದಿಮರಿಯನ್ನು ಮೂರು ಸಲ ಹಿಡಿಯುವವರು ಯಾರು? ಪುಡಿ ರೂಪದ ಲಸಿಕೆಯನ್ನು ನೀರು ಬೆರೆಸಿದ ಮೇಲೆ ಕೂಡಲೇ, ಹೆಚ್ಚೆಂದರೆ ಒಂದು ತಾಸಿನೊಳಗೆ ಬಳಸಬೇಕು. ಶಿಬಿರ ಶುರುವಾಗುವ ಮೊದಲೇ ಇಪ್ಪತ್ತು ಬಾಟಲಿ ಬೆರೆಸಿ ಟೇಬಲ್ ಮೇಲಿಟ್ಟರೆ ಹತ್ತನೆಯ ನಾಯಿಯ ನಂತರ ಬೀಳುವುದು ಬರೀ ನೀರು. ಹಳ್ಳಿನಾಯಿಗಳ ಆಯುಷ್ಯ ಕಡಿಮೆ, ಹುಟ್ಟು ಹೆಚ್ಚು. ಈ ವರ್ಷ ಲಸಿಕೆ ಪಡೆದವುಗಳಲ್ಲಿ ಬಹಳಷ್ಟು ಎರಡು-ಮೂರು ವರ್ಷದಲ್ಲಿ ಇರುವುದೇ ಇಲ್ಲ, ಅವುಗಳ ಜಾಗಕ್ಕೆ ಲಸಿಕೆ ಕಾಣದ ಮರಿಗಳು ಬಂದಿರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಜೊತೆಗಿಲ್ಲದೆ ಲಸಿಕೆ ಅಭಿಯಾನದ ಫಲ ಉಳಿಯುವುದಿಲ್ಲ.

ಎಲ್ಲ ಸರಿಯಾದರೂ ಪೂರ್ತಿ ಭರವಸೆ ಇಲ್ಲ. ಸೆರೆಂಗೆಟಿಯ ಸುತ್ತ ನಾಯಿಗಳಿಗೆ ಲಸಿಕೆ ಹಾಕಿದ ಮೇಲೆ ನಾಯಿಗಳಲ್ಲಿ ರೋಗ ತಗ್ಗಿತು, ಆದರೆ ಸಿಂಹಗಳಿಗೆ ಸೋಂಕು ತಗಲುವುದು ನಿಲ್ಲಲಿಲ್ಲ ಎಂದು 2015ರ ವಿಶ್ಲೇಷಣೆ ತೋರಿಸಿತು. ವೈರಸ್ ಆ ಹೊತ್ತಿಗೆ ಕಾಡುಪ್ರಾಣಿಗಳ ನಡುವೆಯೂ ಉಳಿದುಕೊಂಡಿತ್ತು. ಆದ್ದರಿಂದಲೇ ವೈದ್ಯರು ನಾಯಿ ಲಸಿಕೆಯ ಜೊತೆಗೆ ದನಗಳ ಉಣ್ಣೆ ನಿವಾರಣೆ, ಸತ್ತ ದನಗಳ ವಿಲೇವಾರಿ, ಹಿಡಿದು ತಂದ ಪ್ರಾಣಿಯನ್ನು ಕನಿಷ್ಠ 30 ದಿನ ಪ್ರತ್ಯೇಕ ಇಡುವುದು, ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತಾರೆ.

ಕಪ್ಪತಗುಡ್ಡದ ಅಂಚಿನಲ್ಲಿ

ನಮ್ಮ ಕಾಡುಗಳಲ್ಲಿ ಸಿಂಹವಿಲ್ಲ. ಆದರೆ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಚಿರತೆ, ತೋಳ, ಕತ್ತೆಕಿರುಬ, ನರಿಗಳಿವೆ. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ, ಧಾರವಾಡ ತಾಲ್ಲೂಕಿನ ಕವಲಗೇರಿಯಲ್ಲಿ ಚಿರತೆ ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ಊರಂಚಿಗೆ ಬರುವ ಚಿರತೆಗೆ ನಾಯಿ ಸುಲಭದ ಊಟ. ತೋಳ, ನರಿ ನಾಯಿಯ ಬಳಗದವೇ ಆದ್ದರಿಂದ ಡಿಸ್ಟೆಂಪರ್‌ಗೆ ಇನ್ನೂ ಸುಲಭವಾಗಿ ತುತ್ತಾಗುತ್ತವೆ. 2018ರಲ್ಲಿ ಗಿರ್‌ನಲ್ಲಿದ್ದ ಕೂಡಿಕೆ, ಅಂದರೆ ಲಸಿಕೆ ಇಲ್ಲದ ನಾಯಿ, ಉಣ್ಣೆ ತುಂಬಿದ ದನ, ಊರಿಗೆ ಬರುವ ಮಾಂಸಾಹಾರಿ, ಇಲ್ಲೂ ಇದೆ.

ಕುರಿಹಿಂಡಿನ ಜೊತೆ ತಿರುಗುವ ನಾಯಿಗಳದ್ದು ಇಲ್ಲಿ ವಿಶೇಷ ಪಾತ್ರ. ಊರಿಂದ ಊರಿಗೆ, ಅಡವಿಯಿಂದ ಅಡವಿಗೆ ಹೋಗುವವು ಅವೇ. ಕುರಿಗಳಿಗೆ ಪಿಪಿಆರ್ ಲಸಿಕೆ ಹಾಕಿಸುವ ದಿನವೇ ನಾಯಿಗೂ ಹುಚ್ಚುರೋಗದ ಮತ್ತು ಡಿಸ್ಟೆಂಪರ್ ಲಸಿಕೆಯ ಬಗ್ಗೆ ದನದ ದವಾಖಾನೆಯಲ್ಲಿ ಕೇಳಬಹುದು. ಡಿಸ್ಟೆಂಪರ್ ಲಸಿಕೆ ಎಲ್ಲ ಸರ್ಕಾರಿ ದವಾಖಾನೆಯಲ್ಲಿ ಸಿಗದಿದ್ದರೆ ಔಷಧ ಅಂಗಡಿಯಿಂದ ಐಸ್ ಡಬ್ಬಿಯಲ್ಲೇ ತರಬೇಕು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಲಸಿಕೆಯಿಂದ ಉಪಯೋಗವಿಲ್ಲ. ಸತ್ತ ದನ, ಕುರಿಯನ್ನು ಗುಡ್ಡದ ಬದಿಗೆ ಎಸೆಯದೆ ಐದಾರು ಅಡಿ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ಹೊಲದಲ್ಲಿ ನರಿಯೋ ತೋಳವೋ ಹಗಲುಹೊತ್ತಿನಲ್ಲೇ ತೂರಾಡುತ್ತ, ಜೊಲ್ಲು ಸುರಿಸುತ್ತ, ಮನುಷ್ಯರ ಭಯವಿಲ್ಲದೆ ನಿಂತಿದ್ದರೆ ಅದು ಡಿಸ್ಟೆಂಪರ್ ಇರಬಹುದು, ರೇಬಿಸ್ ಇರಬಹುದು. ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಡಿಸ್ಟೆಂಪರ್ ಮನುಷ್ಯರಿಗೆ ಬರುವುದಿಲ್ಲ, ರೇಬಿಸ್ ಬಂದರೆ ಉಳಿಯುವುದಿಲ್ಲ. ಹತ್ತಿರ ಹೋಗಬೇಡಿ, ನಾಯಿಗಳನ್ನು ಬಿಡಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಾಕುಪ್ರಾಣಿಗಾದರೆ ಪಶು ಸಹಾಯವಾಣಿ 1962. ಸತ್ತ ಕಾಡುಪ್ರಾಣಿ ಕಂಡರೆ ಜಾಗ, ಹೊತ್ತು, ಸುತ್ತ ಬೇರೆ ಹೆಣಗಳಿವೆಯೇ, ಮೂಗು-ಬಾಯಲ್ಲಿ ರಕ್ತವಿದೆಯೇ ಎಂಬುದನ್ನು ದೂರದಿಂದಲೇ ಗಮನಿಸಿ ಹೇಳಿ. ಬಂದ ವೈದ್ಯರು ಮೊದಲು ಕೇಳುವ ಪ್ರಶ್ನೆಗಳೂ ಇವೇ.